ಟಿನ್‌ಕಪ್ ಕಣಿವೆಯ ಹಗ್ಗ

ಏಪ್ರಿಲ್ ಹದಿನೇಳು, ಗುರುವಾರ ಬೆಳಿಗ್ಗೆ ಕೋಲ್ಟರ್ ವೆಲ್ಸ್ ಠಾಣೆಗೆ ರೋಡಾ ಪ್ರೂಯಿಟ್ ಬಂದಾಗ ಆಕೆಯ ಎರಡೂ ಅಂಗೈಗೆ ಬ್ಯಾಂಡೇಜ್ ಸುತ್ತಿತ್ತು. ತುಟಿ ಒಡೆದು ಕಪ್ಪಾಗಿತ್ತು. ಇನ್ನೆರಡು ದಿನ ಇರಿ ಅಂದ ಆಸ್ಪತ್ರೆಯವರ ಮಾತು ಕೇಳದೆ ಎದ್ದು ಬಂದಿದ್ದಳು. ಐವತ್ತೆಂಟರ ರೋಡಾ ಶಾಲಾ ಬಸ್ಸು ಓಡಿಸುವವಳು. ಊರಿನ ಅರ್ಧ ಜನ ಅವಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದವರು. ಮೇಜಿನ ಹಿಂದೆ ಕೂತಿದ್ದ ಡೆಪ್ಯುಟಿ ವರ್ನ್ ಟಿಲ್ಮನ್ ಕೂಡ ಅವರಲ್ಲೊಬ್ಬ.

"ಎಮೆಟ್ ಸತ್ತಿದ್ದಕ್ಕೆ ಏನು ಬರ್ಕೊಂಡಿದ್ದೀಯ, ಓದು."

ವರ್ನ್ ಓದಿದ. "ಹಗ್ಗದ ಗಂಟು ಬಿಚ್ಚಿಕೊಂಡು ಕಣಿವೆಯಲ್ಲಿ ಸಿಕ್ಕಿಬಿದ್ದು, ಬಂಡೆ ಹತ್ತುವಾಗ ಜಾರಿ, ಆಕಸ್ಮಿಕ ಮರಣ."

"ಗಂಟು ಹಾಕಿದ್ದು ನಾನು. ಹೊಡೆದುಹಾಕು ಅದನ್ನ."

"ರೋಡಾ ಮಿಸ್, ನೀವು ತುಂಬ ಸುಸ್ತಾಗಿದ್ದೀರಿ. ಮನೆಗೆ ಹೋಗಿ ಮಲಗಿ."

"ನಾಲ್ಕನೇ ಕ್ಲಾಸಲ್ಲೂ ನೀನು ಹೀಗೇ. ಕೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಿದ್ದೆ. ನಮ್ಮ ಹಗ್ಗ ಯಾರೋ ತಗೊಂಡು ಹೋಗಿದ್ದಾರೆ. ದೂರು ಬರ್ಕೋ."

ಒಳಗಿನ ಕೋಣೆಯಿಂದ ಸಾರ್ಜೆಂಟ್ ಇನೆಸ್ ಎಚೆವೆರಿ ಹೊರಗೆ ಬಂದಳು. ಈ ಜಿಲ್ಲೆಯ ಅಪರಾಧ ತನಿಖೆಯೆಲ್ಲ ಅವಳ ಹೆಗಲ ಮೇಲೆ. ರೋಡಾಳನ್ನು ಒಳಗೆ ಕೂರಿಸಿ, ತಾನೇ ದೂರು ಬರೆದುಕೊಂಡಳು.

ಶನಿವಾರ ಬೆಳಿಗ್ಗೆ ರೋಡಾ ಮತ್ತು ಅವಳ ಗೆಳೆಯ, ಅರವತ್ತೇಳರ ಎಮೆಟ್ ಸ್ಟ್ರೌಡ್, ಪಶ್ಚಿಮದ ಕಡೆ ಜೀಪ್ ನಿಲ್ಲಿಸಿ, ಕಾಲುದಾರಿಯೂ ಇಲ್ಲದ ಬೆಟ್ಟ ಹತ್ತಿ, ನೆತ್ತಿ ದಾಟಿ ಟಿನ್‌ಕಪ್ ಕಣಿವೆಗೆ ಇಳಿದಿದ್ದರು. ಸ್ವಲ್ಪ ದೂರದಲ್ಲೇ ಮೂವತ್ತಡಿಯ ನುಣುಪು ಬಂಡೆ, ಮಳೆ ಬಂದ ದಿನ ಮಾತ್ರ ನೀರು ಧುಮುಕುವ ಜಾಗ. ಮೇಲಿದ್ದ ದೊಡ್ಡ ಗುಂಡುಕಲ್ಲಿಗೆ ಹಗ್ಗ ಕಟ್ಟಿ ಇಳಿದರು. ವಾಪಸು ಹತ್ತಲು ಬೇಕಾದ್ದರಿಂದ ಹಗ್ಗ ಅಲ್ಲೇ ಬಿಟ್ಟರು. ಒಂದು ಮೈಲಿಯಾಚೆ ಕಣಿವೆ ಇನ್ನೂರಡಿ ಪ್ರಪಾತದಲ್ಲಿ ಮುಗಿಯುತ್ತದೆ. ಅದನ್ನು ನೋಡಿಕೊಂಡು ಮಧ್ಯಾಹ್ನ ತಿರುಗಿ ಬಂದರೆ ಹಗ್ಗ ಇರಲಿಲ್ಲ. ಮುಂದೆ ಪ್ರಪಾತ, ಹಿಂದೆ ಗೋಡೆ. ಸಂಜೆ ಎಮೆಟ್ ಹತ್ತಲು ಹೋಗಿ ಬಿದ್ದು ಸೊಂಟ ಮುರಿದುಕೊಂಡ. ಸೋಮವಾರ ರೋಡಾ ಪಕ್ಕದ ಗೋಡೆಯ ಬಿರುಕಿನಲ್ಲಿ ಮೈ ತುರುಕಿ ಹತ್ತಿ ಹೊರಬಿದ್ದಳು. ಮಂಗಳವಾರ ಹೆಲಿಕಾಪ್ಟರ್ ತಲುಪುವಷ್ಟರಲ್ಲಿ ಎಮೆಟ್ ಸತ್ತಿದ್ದ.

"ಹಗ್ಗದ ಗುರುತು?"

"ಹಸಿರು. ನಡುಮಧ್ಯ ಗೊತ್ತಾಗಲಿ ಅಂತ ನೀಲಿ ಟೇಪ್ ಸುತ್ತಿದ್ದೆ."

"ನೀವು ಹೋಗೋದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಹೇಳಿರಲಿಲ್ಲ."

ಆಕೆ ಹೋದ ಮೇಲೆ ವರ್ನ್ ಕೇಳಿದ, "ನಂಬ್ತೀರಾ ಸಾರ್ಜೆಂಟ್?"

"ನಂಬೋದು ಆಮೇಲೆ. ನಾಳೆ ಸ್ಥಳ ಮಹಜರು. ಬೂಟು ಗಟ್ಟಿ ಇರೋದು ಹಾಕ್ಕೊಂಡು ಬಾ."

"ಹೆಲಿಕಾಪ್ಟರ್ ಕೇಳೋಣವಾ?"

"ಮಂಗಳವಾರ ಅದು ಪ್ರಪಾತದ ಕಡೆಯಿಂದ ಬಂದಿತ್ತು; ನೆತ್ತಿ ಮೇಲೆ ಇಳಿಸಿದ್ರೆ ಅದರ ಗಾಳಿಗೆ ಹೆಜ್ಜೆ ಗುರುತೆಲ್ಲ ಹಾರಿಹೋಗುತ್ತೆ. ನಡೆದೇ ಹೋಗೋದು."

ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟರು. ಕಾಲಿಟ್ಟಲ್ಲಿ ಕಲ್ಲು ಜಾರುತ್ತಿತ್ತು. ಹಿಡಿಯಲು ಹೋದರೆ ಮುಳ್ಳುಗಳ್ಳಿ. ಹತ್ತುಗಂಟೆಗೆ ಗಾಳಿಯೇ ಬಿಸಿಯಾಯಿತು. ವರ್ನ್ ಎರಡು ಸಲ ಕೂತ. ಇನೆಸ್ ಕೂರಲಿಲ್ಲ. ಎಮೆಟ್‌ನ ಫೈಲನ್ನು ಓದದೆ ಸಹಿ ಹಾಕಿ ಮುಚ್ಚಿದವಳು ಅವಳೇ. ಅದು ಅವಳನ್ನು ಮೇಲಕ್ಕೆ ತಳ್ಳುತ್ತಿತ್ತು.

ಗುಂಡುಕಲ್ಲು ಇದ್ದಲ್ಲಿಯೇ ಇತ್ತು, ಹಗ್ಗ ಉಜ್ಜಿದ ಗುರುತೂ ಇತ್ತು. ವರ್ನ್ ತಮ್ಮ ಹಗ್ಗ ಕಟ್ಟಿ ಇಳಿದು, ಬಂಡೆಯ ಬುಡವನ್ನೆಲ್ಲ ತಡಕಿ, ಹತ್ತಿ ಬಂದ.

"ಗಂಟು ಬಿಚ್ಚಿಕೊಂಡರೆ ಹಗ್ಗ ಎಲ್ಲಿ ಬೀಳಬೇಕು?" ಇನೆಸ್ ಕೇಳಿದಳು.

"ಕೆಳಗೆ."

"ಇದೆಯಾ?"

"ಒಂದೆಳೆಯೂ ಇಲ್ಲ. ಹೆಣ ಎತ್ತೋಕೆ ಬಂದವರೂ ನೋಡಿಲ್ಲ ಅಂದಿದ್ದಾರೆ."

"ಹಾಗಾದರೆ ಮೇಲಕ್ಕೆ ಎಳೆದಿದ್ದಾರೆ. ಬರ್ಕೋ."

ನೆತ್ತಿಯ ಪೂರ್ವಕ್ಕೆ ಮರಳು ಹರಡಿತ್ತು. ಮರಳಿನಲ್ಲಿ ಒಬ್ಬನೇ ಮನುಷ್ಯನ ಹೆಜ್ಜೆ, ಬಂದದ್ದೂ ಹೋದದ್ದೂ. ಎಡಗಾಲು ಎಳೆದುಕೊಂಡ ಗೀರು, ಅಕ್ಕಪಕ್ಕ ಊರುಗೋಲಿನ ತೂತು. ಫೋಟೋ ತೆಗೆದು, ಅಳತೆ ಹಿಡಿದು, ಗುರುತನ್ನೇ ಅನುಸರಿಸಿ ಇಳಿದರು. ಅದು ಹಳೆಯ ಗಣಿ ರಸ್ತೆಗೆ ಮುಟ್ಟಿಸಿತು. ಚೂಪುಕಲ್ಲಿನ ಆ ರಸ್ತೆಯಲ್ಲಿ ಟೈರಿನ ಹರಿದ ತುಂಡುಗಳು ಬಿದ್ದಿದ್ದವು. ಇನೆಸ್ ಎಲ್ಲವನ್ನೂ ಚೀಲಕ್ಕೆ ಹಾಕಿ ಮೊಹರು ಮಾಡಿದಳು.

ಸುತ್ತ ಅರವತ್ತು ಮೈಲಿಗೆ ಟೈರಿನ ಅಂಗಡಿ ಒಂದೇ, ಪೆಟ್ರಾ ಲೂನಾಳದು. ಶನಿವಾರ ಬೆಳಿಗ್ಗೆ ಇನೆಸ್ ಹೋದಾಗ ಆಕೆ ಟ್ರಕ್ಕಿನ ಅಡಿಯಲ್ಲಿದ್ದಳು.

"ಈ ವಾರ ಗಣಿ ರಸ್ತೇಲಿ ಯಾರದಾದರೂ ಟೈರ್ ಹೋಯ್ತಾ?"

"ಲೈಲ್‌ದು ಹೋಯ್ತು. ಒಂದಲ್ಲ, ಎರಡು. ಭಾನುವಾರ ಬೆಳಿಗ್ಗೆ ಲಾರಿಯವನೊಬ್ಬ ಹೆದ್ದಾರೀಲಿ ಹತ್ತಿಸ್ಕೊಂಡು ಬಂದು ಅವನನ್ನ ಇಲ್ಲಿ ಇಳಿಸಿದ, ಸೋಮವಾರ ನಾನೇ ಹೋಗಿ ಹಾಕಿಕೊಟ್ಟೆ."

"ಜೊತೆಗೆ ಬಂದಿದ್ದನಾ?"

"ಪಕ್ಕದಲ್ಲೇ ಕೂತಿದ್ದ. ಹೋಗ್ತಾ ಬರ್ತಾ ಬಾಯಿ ಬಿಡಲಿಲ್ಲ, ಬೆಟ್ಟದ ಕಡೆನೇ ನೋಡ್ತಿದ್ದ. ಮಂಡಿ ನೋವಿರಬೇಕು ಅಂದ್ಕೊಂಡೆ. ಯಾಕೆ?"

ಇನೆಸ್ ನೋಟ್‌ಬುಕ್ ಮುಚ್ಚಿದಳು. ಲೈಲ್ ಹಾರ್ಗನ್ ಎಮೆಟ್‌ನ ಮೂವತ್ತು ವರ್ಷದ ಜೊತೆಗಾರ. ಈ ಬೆಟ್ಟಸಾಲಿನ ಬಹುತೇಕ ಎಲ್ಲ ಕಣಿವೆಗಳನ್ನೂ ಇಬ್ಬರೂ ಸೇರಿ ಸುತ್ತಿದ್ದರು. ಎಮೆಟ್‌ಗೆ ಹೆಂಡತಿ ಮಕ್ಕಳಿಲ್ಲ. ಬುಧವಾರ ಶವ ಗುರುತಿಸಿ ಸಹಿ ಹಾಕಿದವನೂ ಲೈಲೇ.

ಇನೆಸ್ ಮತ್ತು ವರ್ನ್ ಹೋದಾಗ ಲೈಲ್ ಬಾಗಿಲು ತೆರೆದು, ಕಾಫಿ ಇಟ್ಟ. ಎಡ ಮಂಡಿಗೆ ಪಟ್ಟಿ ಬಿಗಿದಿದ್ದ.

"ಹೋದ ಶನಿವಾರ ಎಲ್ಲಿದ್ರಿ?"

"ಇಲ್ಲೇ, ಮನೇಲಿ."

"ಟೈರ್ ಎಲ್ಲಿ ಹೋಯ್ತು?"

ಅವನು ಕಪ್ಪನ್ನು ಕೆಳಗಿಟ್ಟ. "ಗಣಿ ರಸ್ತೇಲಿ. ಭಾನುವಾರ."

"ಭಾನುವಾರ ಬೆಳಿಗ್ಗೆ ಹೆದ್ದಾರೀಲಿ ಲಾರಿಯವನೊಬ್ಬ ನಿಮ್ಮನ್ನ ಹತ್ತಿಸ್ಕೊಂಡು ಬಂದು ಪೆಟ್ರಾ ಅಂಗಡಿ ಮುಂದೆ ಇಳಿಸಿದ. ಟ್ರಕ್ ಕೈಕೊಟ್ಟ ಜಾಗದಿಂದ ಹೆದ್ದಾರಿಗೆ ಹದಿನಾಲ್ಕು ಮೈಲಿ. ಆ ಮಂಡೀಲಿ ಎಷ್ಟು ಹೊತ್ತಿಗೆ ಹೊರಟ್ರಿ?"

ಲೈಲ್ ಮಂಡಿಯ ಪಟ್ಟಿಯನ್ನು ಸರಿಮಾಡಿಕೊಂಡ.

ಪೆಟ್ರಾಳ ಅಂಗಡಿಯಿಂದ ನೇರ ನ್ಯಾಯಾಧೀಶರ ಬಳಿ ಹೋಗಿ ಪಡೆದ ಶೋಧನಾ ವಾರಂಟ್ ಇನೆಸ್ ಕೈಯಲ್ಲೇ ಇತ್ತು. ಅಕ್ಕಪಕ್ಕದ ಇಬ್ಬರನ್ನು ಸಾಕ್ಷಿಗೆ ಕರೆದು ಶೆಡ್ ತೆರೆಸಿದಳು. ಗೋಡೆಯ ಮೊಳೆಗೆ ಹಸಿರು ಹಗ್ಗ ನೇತಾಡುತ್ತಿತ್ತು, ನೀಟಾಗಿ ಸುರುಳಿ ಸುತ್ತಿ. ನಡುವೆ ನೀಲಿ ಟೇಪ್. ಬಚ್ಚಿಡುವ ಪ್ರಯತ್ನವೇ ನಡೆದಿರಲಿಲ್ಲ.

"ಬಿಸಾಡಬಹುದಿತ್ತಲ್ಲ ಮಾರಾಯ," ವರ್ನ್ ಬಾಯಿಂದ ತಾನಾಗಿ ಬಂತು.

"ಅವನ ಹಗ್ಗ ಅದು," ಅಂದ ಲೈಲ್. "ಹೇಗೆ ಬಿಸಾಡಲಿ?"

ಸುಮ್ಮನಿರುವ ಹಕ್ಕು ನಿಮಗಿದೆ ಎಂದು ಇನೆಸ್ ಓದಿ ಹೇಳಿ, ಮಧ್ಯಾಹ್ನ ಹನ್ನೆರಡೂ ಕಾಲಿಗೆ ಅವನನ್ನು ಬಂಧಿಸಿದಳು. ಆ ಹಕ್ಕು ಅವನಿಗೆ ಬೇಕಾಗಿರಲಿಲ್ಲ. ಠಾಣೆಯಲ್ಲಿ ಕೂತವನೇ ಹೇಳತೊಡಗಿದ.

ಟಿನ್‌ಕಪ್ ಒಂದನ್ನು ಇಬ್ಬರೂ ಕೊನೆಗೆಂದು ಉಳಿಸಿಕೊಂಡಿದ್ದರು. ಅಷ್ಟರಲ್ಲಿ ಲೈಲ್‌ನ ಮಂಡಿ ಹೋಯಿತು. ಎಮೆಟ್ ರೋಡಾಳ ಜೊತೆ ತಿರುಗತೊಡಗಿದ. ಶುಕ್ರವಾರ ಪೆಟ್ರೋಲ್ ಬಂಕಿನಲ್ಲಿ ಎಮೆಟ್ ಜೀಪಿಗೆ ನೀರಿನ ಡಬ್ಬ, ಹಗ್ಗ ತುಂಬುತ್ತಿದ್ದ. ಎಲ್ಲಿಗೆ ಎಂದು ಕೇಳಿದ್ದಕ್ಕೆ "ಎಲ್ಲೂ ಇಲ್ಲ" ಎಂದ. ಹೋಗದೆ ಉಳಿದದ್ದು ಟಿನ್‌ಕಪ್ ಒಂದೇ ಆದ್ದರಿಂದ ಲೈಲ್‌ಗೆ ಎಲ್ಲಿಗೆ ಎಂದು ತಿಳಿಯಿತು.

"ಮೂವತ್ತು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲನೇ ಸುಳ್ಳು."

"ಅದಕ್ಕೆ ಕೊಲ್ಲಬೇಕಿತ್ತಾ?"

"ಕೊಲ್ಲೋಕಲ್ಲ." ಅವನು ತಲೆ ಎತ್ತಲಿಲ್ಲ. "ಒಂದು ರಾತ್ರಿ ಅಲ್ಲೇ ಇರಲಿ ಅಂದ್ಕೊಂಡೆ. ಬೆಳಿಗ್ಗೆ ನಾನೇ ಹೋಗಿ ಹಗ್ಗ ಬಿಡ್ತಿದ್ದೆ. ಗಂಟು ಗಾಳಿಗೆ ಸಡಿಲ ಆಗಿತ್ತು, ನಾನು ನೋಡಿದೆ ಅಂತಿದ್ದೆ. ನಾನಿಲ್ದೆ ಆಗಲ್ಲ ಅಂತ ಅವನಿಗೆ ಒಂದು ಸಲ ಅನ್ನಿಸಬೇಕಿತ್ತು. ಇಳಿಯುವಾಗ ಎರಡು ಟೈರ್ ಹೋಯ್ತು. ನಡೆದು ಹೆದ್ದಾರಿ ಸೇರೋವಷ್ಟರಲ್ಲಿ ಮಂಡಿ ಊದಿತ್ತು, ಮತ್ತೆ ಹತ್ತೋದು ನನ್ನ ಕೈಲಿ ಆಗ್ತಿರಲಿಲ್ಲ."

"ಪೆಟ್ರಾ ಅಂಗಡಿ ಎದುರಿಗೇ ಈ ಠಾಣೆ. ರಸ್ತೆ ದಾಟಿದ್ರೆ ಸಾಕಿತ್ತು."

"ದಾಟೋಕೆ ಎದ್ದೆ. ಏನಂತ ಹೇಳೋದು? ಹಗ್ಗ ಎಲ್ಲಿ ಅಂತ ಕೇಳ್ತಿದ್ರಿ. ಇನ್ನೊಂದು ಗಂಟೆ ಬಿಟ್ಟು ಹೇಳ್ತೀನಿ ಅಂದ್ಕೊಂಡು ಅಂದ್ಕೊಂಡೇ ಸೋಮವಾರ ಆಯ್ತು."

ಸಂಜೆ ಇನೆಸ್ ರೋಡಾಳ ಮನೆಗೆ ಹೋದಳು. ಹಗ್ಗ ಗುರುತಿಸಿದ ಹೇಳಿಕೆಗೆ ಸಹಿ ಬೇಕಿತ್ತು. ಇನ್ನೊಂದು ಪ್ರಶ್ನೆಯೂ ಉಳಿದಿತ್ತು. ಲೈಲ್‌ನ ಸುದ್ದಿ ಕೇಳಿ ರೋಡಾ ಕುರ್ಚಿ ಎಳೆದುಕೊಂಡು ಕೂತಳು.

"ಶನಿವಾರ ಸಂಜೆ ಎಮೆಟ್ ಬಿದ್ದ. ನೀವು ಹತ್ತಿದ್ದು ಸೋಮವಾರ," ಇನೆಸ್ ಮೆಲ್ಲಗೆ ಕೇಳಿದಳು. "ಭಾನುವಾರ ಇಡೀ ದಿನ ಯಾಕೆ ಹತ್ತಲಿಲ್ಲ?"

"ಅವನು ಬಿಡಲಿಲ್ಲ. ಬಿರುಕಿನಲ್ಲಿ ಹತ್ತಿದ್ರೆ ನೀನೂ ಸಾಯ್ತೀಯ, ಕಾಯೋಣ ಅಂದ. ನಾವು ಕಾಣಿಸದೆ ಇದ್ರೆ ಲೈಲ್‌ಗೆ ತಾನಾಗೇ ಗೊತ್ತಾಗುತ್ತೆ, ಎಲ್ಲಿದ್ದೀವಿ ಅಂತ ಊಹೆ ಮಾಡೋನು ಅವನೊಬ್ಬನೇ, ಬಂದೇ ಬರ್ತಾನೆ ಅಂದ."

"ಇದನ್ನ ದೂರಿನಲ್ಲಿ ಹೇಳಲಿಲ್ಲ."

"ಲೈಲ್ ಕಿವಿಗೆ ಬಿದ್ರೆ ಕೊರಗ್ತಾನೆ ಅಂತ ಬಿಟ್ಟೆ. ಪಾಪ, ಅವನಿಗೇನು ಗೊತ್ತು ಅಂದ್ಕೊಂಡಿದ್ದೆ."

"ಈಗ ಬರೆಯಲೇಬೇಕು. ಬರೆದದ್ದನ್ನ ಅವನಿಗೂ ಓದಿ ಹೇಳಬೇಕು."

"ಬರೀರಿ," ಅಂದಳು ರೋಡಾ. ಬ್ಯಾಂಡೇಜ್ ಕೈಯಲ್ಲೇ ಪೆನ್ನು ಹಿಡಿದು, ನಿಧಾನವಾಗಿ ಸಹಿ ಹಾಕಿದಳು.

ಠಾಣೆಗೆ ಮರಳಿ ಇನೆಸ್ ಲಾಕಪ್ಪಿನ ಮುಂದೆ ನಿಂತು ಆ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಲೈಲ್ ಬೆಂಚಿನ ಮೇಲೆ ಕಾಲು ಚಾಚಿ ಕೇಳಿಸಿಕೊಂಡ. ಆಮೇಲೆ, "ಎಮೆಟ್ ಹೇಳಿದ್ದಷ್ಟನ್ನ ಇನ್ನೊಂದು ಸಲ ಓದ್ತೀರಾ?" ಅಂದ.

ಇನೆಸ್ ಓದಿದಳು.