ಎರಡು ಹೆಲ್ಮೆಟ್‌ಗಳ ಗುರುತು

ರಸ್ತೆ ಗುಡಿಸುವ ಲಾರಿಯ ಚಾಲಕನಿಗೆ ಮೊದಲು ಕಂಡದ್ದು ಒಂದು ಒಡೆದ ಕನ್ನಡಿ. ತೊರಿಗೊಯೆ ಘಾಟಿಯ ತಿರುವಿನಲ್ಲಿ, ಲಾರ್ಚ್ ಮರಗಳು ಉದುರಿಸಿದ ಹಳದಿ ಸೂಜಿ ಎಲೆಗಳ ನಡುವೆ ಅದು ಹೊಳೆಯುತ್ತಿತ್ತು. ಆತ ಲಾರಿ ನಿಲ್ಲಿಸಿ ಇಳಿದ. ತಡೆಗಂಬಿ ಮುಗಿಯುವ ಜಾಗದಲ್ಲಿ ಕುರುಚಲು ಬಿದಿರು ನೆಲಕಚ್ಚಿತ್ತು. ಅದರೊಳಗೆ ಒಂದು ಭಾರಿ ಬೈಕು. ಇನ್ನೂ ಕೆಳಗೆ, ಇಳಿಜಾರಿನಲ್ಲಿ, ಮಗ್ಗುಲಾಗಿ ಬಿದ್ದ ಒಬ್ಬ ಮನುಷ್ಯ. ಹೆಲ್ಮೆಟ್ಟಿನ ಮೇಲೆ ಇಬ್ಬನಿ ಕೂತಿತ್ತು.

ಕೆಳಗೆ ಸುರಂಗ ಕೊರೆದ ಮೇಲೆ ಹಳೇ ಘಾಟಿಗೆ ಬೈಕಿನವರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಹಾಗಾಗಿ ಆ ಮನುಷ್ಯ ಹಿಂದಿನ ದಿನದಿಂದ ಅಲ್ಲೇ ಇದ್ದರೂ ಕೇಳುವವರಿರಲಿಲ್ಲ.

ಅಪಘಾತ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಕುರಾತಾ ಮಿನೆ ಬಂದಾಗ ಸೂರ್ಯ ಇನ್ನೂ ಬೆಟ್ಟ ಹತ್ತಿರಲಿಲ್ಲ. ಆಕೆ ಹತ್ತು ವರ್ಷ ಪೊಲೀಸರ ಬಿಳಿ ಬೈಕು ಓಡಿಸಿದವಳು. ಸತ್ತವನ ಲೈಸೆನ್ಸ್ ನೋಡಿದಳು. ನೆಗಿಶಿ ಕೊಹೆಯಿ, ಅರವತ್ತೊಂದು. ಕೆಳಗಿನ ಊರಿನವನೇ, ನಿವೃತ್ತ ಅಂಚೆ ನೌಕರ.

ಬೈಕು ಬಲಮಗ್ಗುಲಿಗೆ ಮಲಗಿತ್ತು. ದೂರದ ಪ್ರಯಾಣಕ್ಕೆಂದೇ ಮಾಡಿದ ಹೊಸ ಗಾಡಿ. ಮುಂದಿನ ವಾಹನವನ್ನು ನೋಡಿ ತಾನೇ ವೇಗ ತಗ್ಗಿಸುವ ರಾಡಾರು, ತಿರುವಿನಲ್ಲೂ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಬ್ರೇಕು, ಹಿಂದಿನ ಚಕ್ರ ಜಾರಿದರೆ ಇಂಜಿನ್ನಿನ ಬಿರುಸು ತಗ್ಗಿಸುವ ಟ್ರಾಕ್ಷನ್ ಕಂಟ್ರೋಲು, ಬಿದ್ದರೆ ತಾನಾಗಿಯೇ ಸಹಾಯ ಕೇಂದ್ರಕ್ಕೆ ಕರೆ ಮಾಡುವ ಸಾಧನ. ಇಷ್ಟೆಲ್ಲ ಕಾವಲಿದ್ದೂ ಯಜಮಾನ ಬಿದಿರಿನ ಪೊದೆಯಲ್ಲಿ ಸತ್ತಿದ್ದ.

"ಇಷ್ಟೊಂದು ಮಿದುಳಿರೋ ಗಾಡಿ, ಒಂದು ಫೋನ್ ಮಾಡ್ಲಿಲ್ವಲ್ಲ," ಅಂದ ಕಾನ್‌ಸ್ಟೇಬಲ್ ಒಕಿತ್ಸು. ಐವತ್ತು ದಾಟಿದ ಅವನು ಸೈಕಲ್ ಬಿಟ್ಟು ಬೇರೇನೂ ಓಡಿಸಿದವನಲ್ಲ.

ಕುರಾತಾ ಗಾಡಿಯ ಪಕ್ಕ ಮಂಡಿಯೂರಿದಳು. ಬೈಕಿನ ಎಡಭಾಗ ಆಕಾಶ ನೋಡುತ್ತಿತ್ತು. ಅಲ್ಲಿ ಒಂದು ಗೀರೂ ಇಲ್ಲ. ಆದರೆ ಗಾಡಿಯನ್ನು ನಿಲ್ಲಿಸುವ ಸ್ಟ್ಯಾಂಡು ಪೂರ್ತಿ ಹೊರಗೆ ಚಾಚಿತ್ತು. ಗೇರು ಒಂದರಲ್ಲಿತ್ತು. ಸ್ವಿಚ್ಚು ಆರಿತ್ತು. ಆಕೆ ಸ್ವಿಚ್ಚು ಹಾಕಿದಳು. ಪರದೆ ಬೆಳಗಿ ಮೂಲೆಯಲ್ಲಿ ಒಂದು ಚಿಕ್ಕ ಗುರುತು ಮೂಡಿತು. ಅಕ್ಕಪಕ್ಕದಲ್ಲಿ ಎರಡು ಹೆಲ್ಮೆಟ್‌ಗಳು.

ಏನದು ಅಂತ ಒಕಿತ್ಸು ಕೇಳಿದ. ಎಷ್ಟು ಭಾರ ಕೂತಿದೆ ಅಂತ ಗಾಡಿಗೆ ಹೇಳಿದರೆ ಅದು ತನ್ನ ಸ್ಪ್ರಿಂಗನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡಿಕೊಳ್ಳುತ್ತದೆ ಎಂದಳು ಕುರಾತಾ. ಒಬ್ಬನೇ ಇದ್ದರೆ ಒಂದು ಹೆಲ್ಮೆಟ್. ಇಬ್ಬರಿದ್ದರೆ ಎರಡು.

* * *

ನೆಗಿಶಿಯ ಹೆಂಡತಿ ಫುಮಿಯ ಕೈಗಳು ಕೆಂಪಗೆ ಊದಿಕೊಂಡಿದ್ದವು. ಹಿಂದಿನ ದಿನವಿಡೀ ನೆರೆಮನೆಯ ಹೆಂಗಸರ ಜೊತೆ ಕೂತು ಚಳಿಗಾಲದ ಉಪ್ಪಿನಕಾಯಿಗೆ ತಣ್ಣೀರಿನಲ್ಲಿ ನೊಜಾವಾ ಸೊಪ್ಪು ತೊಳೆದಿದ್ದಳು. ಗಂಡನ ಹಿಂದೆ ಕೂತಿದ್ದವಳು ಇವಳೇ ಇರಬೇಕು ಎಂದು ಒಕಿತ್ಸು ದಾರಿಯಲ್ಲಿ ಕಟ್ಟಿದ್ದ ಕಥೆ ಆ ಕೈ ನೋಡಿದ ಕೂಡಲೇ ಮುರಿದುಬಿತ್ತು. ಆ ಬೈಕಿನ ಮೇಲೆ ತಾನು ಒಂದು ದಿನವೂ ಕೂತಿಲ್ಲ ಎಂದಳು ಫುಮಿ.

"ಆ ಗಾಡೀನ ಆರಿಸಿದ್ದು ನಾನೇ," ಅಂದಳು. "ಈ ವಯಸ್ಸಲ್ಲಿ ಓಡಿಸ್ಲೇಬೇಕು ಅಂದ್ರೆ ಎಲ್ಲಾ ಸಾಧನ ಇರೋದನ್ನೇ ತಗೊಳ್ಳಿ, ಇಲ್ಲಾಂದ್ರೆ ಬೇಡ ಅಂತ ಹಟ ಹಿಡಿದೆ. ಬೆಳಿಗ್ಗೆ ತೋದೊ ಮೇಷ್ಟ್ರು ಬಂದಿದ್ರು. ಆ ಸಾಧನಗಳನ್ನ ನಂಬಿ ನಂಬಿ ಕೈ ಕಲಿತಿದ್ದೆಲ್ಲ ಮರೆತೋಯ್ತು, ಅದಕ್ಕೇ ಸತ್ತ ಅಂದ್ರು. ಹೌದಾ, ಕುರಾತಾ ಅವರೇ? ನಾನು ಕೊಂದ ಹಾಗಾಯ್ತಾ?"

ಗೊತ್ತಿಲ್ಲ ಎಂದಳು ಕುರಾತಾ. ಗೊತ್ತಾದ ದಿನ ನಾನೇ ಬಂದು ಹೇಳುತ್ತೇನೆ ಎಂದೂ ಹೇಳಿದಳು.

ತೋದೊ ಗೆಂಜಿರೊ ಎಂದರೆ ಆ ಜಿಲ್ಲೆಯ ಬೈಕು ಶಾಲೆಯಲ್ಲಿ ಮೂವತ್ತು ವರ್ಷ ಮುಖ್ಯ ಶಿಕ್ಷಕನಾಗಿದ್ದವನು. ಜಿಲ್ಲೆಯ ಅರ್ಧ ಜನ ಅವನ ಬೈಗುಳ ತಿಂದೇ ಲೈಸೆನ್ಸ್ ಪಡೆದವರು, ಕುರಾತಾ ಕೂಡ. ಅವನು, ನೆಗಿಶಿ, ಔಷಧಿ ಅಂಗಡಿಯ ಮಿಸಾವಾ, ಈ ಮೂವರು ಹರೆಯದಿಂದ ಒಟ್ಟಿಗೆ ಸುತ್ತಿದವರು. ಮುಂದೆ ಯಾವಾಗಲೂ ತೋದೊ, ಕೊನೆಯಲ್ಲಿ ಮಿಸಾವಾ. ಕೊನೆಯವನ ಕೆಲಸ ಒಂದೇ, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು.

ಹಿಂದಿನ ಸಂಜೆ ಗಂಡ ಬರಲಿಲ್ಲವೆಂದು ಫುಮಿ ತೋದೊಗೆ ಫೋನ್ ಮಾಡಿದ್ದಳಂತೆ. ನೆಗಿಶಿ ತನಗಿಂತ ಮೊದಲೇ ಹೊರಟ, ಎಲ್ಲೋ ಬಿಸಿನೀರಿನ ಬುಗ್ಗೆಯಲ್ಲಿ ಕೂತು ಬೆನ್ನು ಕಾಯಿಸಿಕೊಳ್ಳುತ್ತಿರುತ್ತಾನೆ, ಬರುತ್ತಾನೆ ಬಿಡಮ್ಮ ಎಂದಿದ್ದನಂತೆ ತೋದೊ. ಬೈಕಿನವರ ಅಭ್ಯಾಸ ಅವಳಿಗೂ ಗೊತ್ತಿದ್ದದ್ದೇ. ಹಾಗಾಗಿ ಸಾರು ಬಿಸಿ ಮಾಡಿಟ್ಟು ಕಾದಿದ್ದಳು.

* * *

ಮಿಸಾವಾನ ಮುಖ ಬಿಳಿಚಿಕೊಂಡಿತ್ತು. ಘಾಟಿಯ ನೆತ್ತಿಯಲ್ಲಿ ಬೆಟ್ಟ ನೋಡುವ ಜಾಗದಲ್ಲಿ ಮೂವರೂ ನಿಂತಿದ್ದರೆಂದೂ, ತಾನೇ ಮೊದಲು ಹೊರಟುಬಂದದ್ದೆಂದೂ ಒಪ್ಪಿಕೊಂಡ. ಕೊನೆಯಲ್ಲಿ ಬರಬೇಕಾದವನು ಮೊದಲು ಬಂದ ಎಂದ ಕೂಡಲೇ ಒಕಿತ್ಸುವಿನ ಕಿವಿ ನೆಟ್ಟಗಾಯಿತು.

"ಕೇಳೋಕಾಗ್ಲಿಲ್ಲ," ಅಂದ ಮಿಸಾವಾ. "ಊಟದ ಹೊತ್ತಿಂದ ಶುರು ಹಚ್ಕೊಂಡ ತೋದೊ. ಊರುಗೋಲು ಇಟ್ಕೊಂಡಿರೋ ಮುದುಕ, ಗಾಡೀನೇ ಇವನನ್ನ ಓಡಿಸ್ತಾ ಇದೆ, ಹೆಂಡ್ತಿ ಕಟ್ಟಿರೋ ತೊಟ್ಲು, ಹೀಗೇ. ನೆಗಿಶಿ ನಗ್ತಾನೇ ಇದ್ದ. ಅವನು ಯಾವಾಗ್ಲೂ ಅಷ್ಟೇ. ನನಗೇ ಸಿಟ್ಟು ಬಂದು ಹೊರಟುಬಿಟ್ಟೆ. ನಿಂತಿದ್ರೆ ಬದುಕ್ತಿದ್ನೋ ಏನೋ."

ಅವನು ಅಂಗಡಿಗೆ ಬಂದು ಬಾಗಿಲು ತೆರೆದದ್ದನ್ನು, ಕತ್ತಲಾಗುವವರೆಗೂ ಅಲ್ಲೇ ಇದ್ದದ್ದನ್ನು ನೋಡಿದವರು ಬೇಕಾದಷ್ಟು ಮಂದಿ ಇದ್ದರು.

ಅಷ್ಟರಲ್ಲಿ ಬೈಕು ಕಂಪನಿಯ ಕಾರ್ಯಾಗಾರದಿಂದ ಕರೆ ಬಂತು. ಬಿದ್ದ ಗಳಿಗೆಯಲ್ಲಿ ಟ್ರಾಕ್ಷನ್ ಕಂಟ್ರೋಲು ಆರಿತ್ತು. ಈ ಗಾಡಿಯಲ್ಲಿ ಸ್ವಿಚ್ಚು ಹಾಕಿದಾಗಲೆಲ್ಲ ಅದು ತಾನಾಗಿ ಶುರುವಾಗುತ್ತದೆ. ಬೇಡವೆಂದರೆ ಪ್ರತಿಸಲವೂ ಹುಡುಕಿ ನಿಲ್ಲಿಸಬೇಕು. ಅಂದರೆ ನೆತ್ತಿಯಿಂದ ಹೊರಡುವಾಗಲೇ ಯಾರೋ ಬೇಕೆಂದೇ ಅದನ್ನು ನಿಲ್ಲಿಸಿದ್ದರು. ಸೂಜಿ ಎಲೆ ಹಾಸಿದ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತ್ತು.

ಗೇಲಿ ತಾಳಲಾರದೆ ನೆಗಿಶಿಯೇ ನಿಲ್ಲಿಸಿರಬಹುದು ಎಂದ ಒಕಿತ್ಸು. ಇರಬಹುದು ಎಂದು ಕುರಾತಾಳಿಗೂ ಅನಿಸಿತು. ಆದರೆ ಆಮೇಲೆ ಸಹಾಯ ಕೇಂದ್ರದಿಂದ ಬಂದ ಉತ್ತರ ಬೇರೆಯೇ ದಾರಿ ತೋರಿಸಿತು. ಗಾಡಿ ಸುಮ್ಮನಿರಲಿಲ್ಲ. ಬಿದ್ದ ಕೂಡಲೇ ಕೂಗಿತ್ತು. ಕೇಂದ್ರದವರು ಮಾತಾಡುವ ಮೊದಲೇ ಹ್ಯಾಂಡಲಿನ ಗುಂಡಿ ಒತ್ತಿ ಹಿಡಿದು ಯಾರೋ ಅದನ್ನು ರದ್ದು ಮಾಡಿದ್ದರು. ಸುಮ್ಮನೆ ಗಾಡಿ ಉರುಳಿರಬೇಕೆಂದು ಅವರು ಬಿಟ್ಟುಬಿಟ್ಟಿದ್ದರು.

ಸೊಂಟ ಮುರಿದು ಇಳಿಜಾರಿನ ಬುಡದಲ್ಲಿ ಬಿದ್ದಿದ್ದ ನೆಗಿಶಿ ಆ ಗುಂಡಿಯವರೆಗೆ ತೆವಳಿ ಬರುವುದು ಸಾಧ್ಯವಿರಲಿಲ್ಲ. ರಾತ್ರಿ ಬಹಳ ಹೊತ್ತಿನವರೆಗೆ ಅವನಿಗೆ ಜೀವವಿತ್ತು, ಕೊನೆಗೆ ಕೊಂದದ್ದು ಚಳಿ ಎಂದು ವೈದ್ಯರು ಹೇಳಿದರು. ಅದನ್ನು ಕೇಳಿ ಕುರಾತಾ ಠಾಣೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ನಿಂತಳು. ಆಕೆಗೆ ಅಳು ಬರಲಿಲ್ಲ, ಸಿಟ್ಟು ಬಂತು.

* * *

ಅಂತಿಮ ದರ್ಶನಕ್ಕೆ ಊರೇ ಕಪ್ಪು ಬಟ್ಟೆಯಲ್ಲಿ ಬಂದಿತ್ತು. ಒಬ್ಬೊಬ್ಬರೇ ಮುಂದೆ ಹೋಗಿ, ಬಲಗೈಯ ಮೂರು ಬೆರಳಲ್ಲಿ ಧೂಪದ ಪುಡಿ ಎತ್ತಿ, ಹಣೆಗೆ ಮುಟ್ಟಿಸಿ, ಕೆಂಡಕ್ಕೆ ಹಾಕುತ್ತಿದ್ದರು. ತೋದೊನ ಸರದಿ ಬಂತು. ನೆಟ್ಟನೆಯ ಬೆನ್ನು, ಬಿಳಿ ಕೂದಲು. ಅವನು ಎಡಗೈಯಲ್ಲಿ ಧೂಪ ಹಾಕಿದ. ಬಲಗೈ ತೊಡೆಗೆ ಅಂಟಿಕೊಂಡೇ ಇತ್ತು. ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು.

ಕುರಾತಾ ಹೊರಗೆ ಬಂದು ಅವನಿಗೆ ತಲೆಬಾಗಿದಳು. ನೆಗಿಶಿಯ ಗಾಡಿಯಂಥದ್ದೇ ಒಂದನ್ನು ಪರೀಕ್ಷೆಗೆಂದು ತರಿಸಿದ್ದೇವೆ, ಅಂಗಳದಲ್ಲಿ ಮಗುಚಿಕೊಂಡಿದೆ, ಠಾಣೆಯಲ್ಲಿ ಒಬ್ಬರಿಗೂ ಎತ್ತಲಾಗುತ್ತಿಲ್ಲ ಎಂದಳು. ನಾಳೆ ಬಂದು ಹೇಗೆಂದು ತೋರಿಸಿಕೊಡುತ್ತೀರಾ ಎಂದು ಕೇಳಿದಳು.

ಬರುವುದಿಲ್ಲ ಎನ್ನುವುದು ಅವನಿಗೆ ಸುಲಭವಿತ್ತು. ಆದರೆ ಸುತ್ತ ಹಳೇ ಶಿಷ್ಯರು ನಿಂತಿದ್ದರು.

"ನಿಂಗೆ ಕಲಿಸಿದ್ದು ದಂಡ ಆಯ್ತು," ಅಂದ ತೋದೊ. "ಬರ್ತೀನಿ."

* * *

ಠಾಣೆಯ ಅಂಗಳದಲ್ಲಿ ಗಾಡಿ ಬಲಮಗ್ಗುಲಿಗೆ ಮಲಗಿತ್ತು. ತೋದೊ ಸುತ್ತ ಒಂದು ಸಲ ನಡೆದು, ಇಷ್ಟು ಭಾರ, ಇಷ್ಟು ತಂತಿ, ಇದನ್ನು ಬೈಕು ಅನ್ನುವವರಿಗೆ ನಾಚಿಕೆಯಾಗಬೇಕು ಎಂದು ಗೊಣಗಿದ. ಎತ್ತುವುದನ್ನು ನೀವೇ ಹೇಳಿಕೊಡುತ್ತಾ ತೋರಿಸಿ ಎಂದಳು ಕುರಾತಾ.

ಅವನ ಕೈಕಾಲುಗಳಿಗೆ ಯೋಚನೆಯೇ ಬೇಕಿರಲಿಲ್ಲ. ಸ್ವಿಚ್ಚು ಆರಿಸಿದ. ಉರುಳದಿರಲಿ ಎಂದು ಗೇರು ಒಂದಕ್ಕೆ ಹಾಕಿದ. ಎತ್ತಿದ ಮೇಲೆ ಆಚೆ ಕಡೆ ಬೀಳದಿರಲಿ ಎಂದು ಸ್ಟ್ಯಾಂಡನ್ನು ಹೊರಗೆ ಎಳೆದ. ಆಮೇಲೆ ಬಗ್ಗಿ ಹ್ಯಾಂಡಲು ಹಿಡಿದ. ಬಲಭುಜ ಒಮ್ಮೆ ನಡುಗಿತು. ಗಾಡಿ ಅಲುಗಲಿಲ್ಲ. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಸಾಕು ಮೇಷ್ಟ್ರೇ," ಅಂದಳು ಕುರಾತಾ. "ಅವತ್ತೂ ಇಲ್ಲೀವರೆಗೇ ಬಂದು ನಿಂತ್ರಿ."

ತೋದೊ ಬಗ್ಗಿದವನು ಹಾಗೇ ಉಳಿದ.

"ಸ್ಟ್ಯಾಂಡ್ ಹೊರಗಿದ್ದು ಗೇರ್ ಹಾಕಿದ್ರೆ ಇಂಜಿನ್ನೇ ನಿಂತೋಗುತ್ತೆ. ಅಂದ್ರೆ ಬಿದ್ದ ಮೇಲೆ ಯಾರೋ ಅದನ್ನ ಹೊರಗೆ ಎಳೆದಿದ್ದು. ಓಡಿಹೋಗೋನು ಅದನ್ನೆಲ್ಲ ಮಾಡಲ್ಲ. ಮೂವತ್ತು ವರ್ಷ ಅದನ್ನೇ ಕಲಿಸಿದ ಕೈ ಮಾಡುತ್ತೆ. ಮಿಸಾವಾ ಅಂಗಡೀಲಿದ್ರು. ಫುಮಿಯಮ್ಮ ಸೊಪ್ಪು ತೊಳೀತಿದ್ರು. ಉಳಿದೋರು ನೀವೊಬ್ರೇ."

ಉಳಿದದ್ದನ್ನು ಆಕೆ ಪಕ್ಕದಲ್ಲಿ ನಿಂತಿದ್ದ ಒಕಿತ್ಸುವಿಗೆ ವಿವರಿಸುವಂತೆ ಹೇಳುತ್ತಾ ಹೋದಳು, ತೋದೊನ ಮುಖ ನೋಡಲಿಲ್ಲ. ಊರುಗೋಲಿಲ್ಲದೆ ಓಡಿಸಿ ತೋರಿಸುತ್ತೇನೆ, ಹಿಂದೆ ಕೂತುಕೋ ಎಂದವನು ತೋದೊ. ಗೆಳೆಯ ಜೋಪಾನದವನು, ಇಬ್ಬರ ಭಾರಕ್ಕೆ ಗಾಡಿಯನ್ನು ಹೊಂದಿಸಿಯೇ ಹಿಂದೆ ಹತ್ತಿದ. ತೋದೊ ಟ್ರಾಕ್ಷನ್ ಕಂಟ್ರೋಲು ನಿಲ್ಲಿಸಿದ. ಅದೊಂದು ಇದ್ದಿದ್ದರೆ ಎಲೆಯ ಮೇಲೆ ಚಕ್ರ ಹಿಡಿತ ಬಿಡುತ್ತಿರಲಿಲ್ಲ. ಗಾಡಿ ಇಬ್ಬರನ್ನೂ ಕೆಡವಿತು, ಅವನ ಭುಜ ಹೋಯಿತು, ನೆಗಿಶಿ ಕೆಳಗೆ ಹಾರಿ ಬಿದ್ದ. ಗಾಡಿ ಕೂಗತೊಡಗಿದಾಗ ತೋದೊ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಗಾಡಿ ಎತ್ತಿ ಹೊರಟುಬಿಡೋಣ, ಯಾರಿಗೂ ತಿಳಿಯದು ಎಂದುಕೊಂಡ. ಎತ್ತಲಾಗಲಿಲ್ಲ. ನಡೆದು ನೆತ್ತಿಗೆ ಹೋಗಿ ತನ್ನ ಹಳೇ ಬೈಕಿನಲ್ಲಿ, ಒಂದೇ ಕೈ ಬಲದಲ್ಲಿ, ಮನೆ ಸೇರಿದ.

"ಸತ್ತೋಗಿದ್ದಾನೆ ಅಂದ್ಕೊಂಡೆ," ಅಂದ ತೋದೊ ಕೊನೆಗೆ.

"ಇಳಿದು ನೋಡಿದ್ರಾ?"

ಅವನು ಹ್ಯಾಂಡಲು ಬಿಟ್ಟು ಹಿಂದೆ ಸರಿದ.

"ಕೂಗ್ತಿದ್ನಾ?"

ಅಂಗಳದ ಆಚೆ ಯಾರೋ ನಕ್ಕರು, ಕದ ಮುಚ್ಚಿತು. ತೋದೊ ನೆಲದ ಮೇಲೆ ಕೂತುಬಿಟ್ಟ.

"ನನ್ನ ಹೆಸರು ಹಿಡಿದು ಕರೀತಿದ್ದ," ಅಂದ. "ನಾನು ಬಿದ್ದೆ ಅಂತ ಊರಿಗೆ ಹೇಗೆ ಹೇಳ್ಲಿ, ಕುರಾತಾ? ಅದೂ ಅಂಥ ಗಾಡಿಯಿಂದ?"

ಆಕೆ ಒಕಿತ್ಸುವಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಒಕಿತ್ಸು ಅವನ ಎಡಗೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದ. ಗಾಡಿಯನ್ನು ಆಕೆ ಒಬ್ಬಳೇ ಎತ್ತಿ ನಿಲ್ಲಿಸಿದಳು.

* * *

ಮಾತು ಕೊಟ್ಟಿದ್ದಂತೆ ಫುಮಿಯ ಮನೆಗೆ ಕುರಾತಾಳೇ ಹೋದಳು. ಬೈಕಿನ ತಪ್ಪಿಲ್ಲ, ಅದು ತನ್ನ ಕೆಲಸ ಮಾಡಲು ನೋಡಿತ್ತು, ತೋದೊ ಮಾಡಲು ಬಿಡಲಿಲ್ಲ ಎಂದಳು. ಬಿದ್ದ ಮೇಲೂ ನಿಮ್ಮವರಿಗಾಗಿ ಅದು ಕೂಗಿತ್ತು ಎಂದಳು. ಫುಮಿ ಚಹಾ ಬಗ್ಗಿಸುತ್ತಾ ಕೇಳಿಸಿಕೊಂಡಳು. ನಾನು ಮೇಷ್ಟ್ರಿಗೆ ಫೋನ್ ಮಾಡಿದಾಗ ಇವರಿಗೆ ಜೀವ ಇತ್ತೇ ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಇತ್ತು ಎಂದಳು ಕುರಾತಾ.

ಫುಮಿ ಚಹಾದ ಲೋಟವನ್ನು ಆಕೆಯ ಮುಂದೆ ಇಟ್ಟಳು.

"ಗಾಡಿ ತಗೊಳ್ಳೋವಾಗ ನನ್ನ ಕೇಳಿದ್ರು," ಅಂದಳು. "ಸ್ನೇಹಿತನ್ನ ಮಾಡ್ಕೊಳ್ಳೋವಾಗ ಯಾರನ್ನೂ ಕೇಳಿರ್ಲಿಲ್ಲ."