ಮಲಗುವ ಮುಂಚಿನ ಮಾತ್ರೆ

"ನುಂಗೋ!"

ಪಿಸ್ತೂಲು ನನ್ನ ಕಿವಿಗೆ ತಾಗಿತ್ತು.

ಪಿಸ್ತೂಲು ಹಿಡಿದವನು ದಾಂಡಿಗ. ಅಂಗೈಯಲ್ಲಿ ಮಾತ್ರೆ ಹಿಡಿದು ನಿಂತವನು ಅವನ ತಮ್ಮ, ಚೋಟು. ಬೆಳಗ್ಗೆ ಒಂದು ವ್ಯಾನ್ ತುಂಬ ಇನ್ಸುಲಿನ್ ಎಗರಿಸಿದ್ದು ಇವರೇ. ಆದರೆ ಲಾಕಪ್ಪಿನಲ್ಲಿ ಕೂತಿದ್ದವರು ವ್ಯಾನಿನ ಡ್ರೈವರ್... ನನ್ನ ಭಾವ! ವ್ಯಾನ್ ಸಿಗದಿದ್ದರೆ ಕಳ್ಳನ ಪಟ್ಟ ಅವರಿಗೇ ಗ್ಯಾರಂಟಿ.

ನಾನು ಪತ್ತೇದಾರ. ಜಾಡು ಹಿಡಿದು, ಅಕ್ಕನಿಗೆ ಫೋನಿನಲ್ಲಿ ವಿಳಾಸ ಹೇಳಿ, ಈ ಹಳೇ ಗೋಡೌನಿಗೆ ನುಗ್ಗಿದ್ದೆ. ವ್ಯಾನ್ ಇರಲಿಲ್ಲ. ಇವರಿದ್ದರು!

"ಕಟ್ಟಿ ಹಾಕೋಣ ಅಂದ್ರೆ ಹಗ್ಗಾನೇ ತಂದಿಲ್ವಲ್ಲೋ, ದರಿದ್ರದವನೇ!" ದಾಂಡಿಗ ರೇಗಿದ.

"ನಿದ್ದೆ ಮಾತ್ರೆ ಇದೆಯಲ್ಲಣ್ಣಾ! ಅಮ್ಮನ ಡಬ್ಬಿಯಿಂದ ತಂದೆ. ದಿನಾ ಮಲಗೋ ಮುಂಚೆ ಒಂದು ನುಂಗ್ತಾಳೆ. ಐದೇ ನಿಮಿಷ... ಗೊರಕೆ!"

ಅವನ ಕೈಲಿದ್ದ ಮಾತ್ರೆ ಸ್ಟ್ರಿಪ್ಪಿನ ಮೇಲಿನ ಹೆಸರು ಉದ್ದವಾಗಿತ್ತು. ಕೊನೆ ಮಾತ್ರ ಓದಿದೆ... ಸ್ಟಾಟಿನ್!

ಮೆಡಿಕಲ್ ಶಾಪ್ ಇಟ್ಟಿರುವ ನಮ್ಮಕ್ಕ ಕಲಿಸಿದ ಪಾಠ ಅದು. "ಹೆಸರಿನ ತಲೆ ಬಿಡು, ಬಾಲ ನೋಡೋ. ಪ್ರಿಲ್ ಅಂದ್ರೆ ಬಿ.ಪಿ. ಪ್ರಜೋಲ್ ಅಂದ್ರೆ ಅಸಿಡಿಟಿ. ಸ್ಟಾಟಿನ್ ಅಂದ್ರೆ ಕೊಲೆಸ್ಟ್ರಾಲ್. ಜೆಪಾಮ್, ಜೊಲಾಮ್ ಕಂಡ್ರೆ ಮಾತ್ರ ಹುಷಾರು, ಮಲಗಿಸಿಬಿಡುತ್ತೆ!"

ಡಾಕ್ಟರು ರಾತ್ರಿ ತಗೊಳ್ಳಿ ಎಂದಿದ್ದಾರೆ, ಆ ತಾಯಿ ತಗೊಳ್ಳುತ್ತಿದ್ದಾರೆ. ಇಂಥ ಇಬ್ಬರು ಮಕ್ಕಳನ್ನು ಸಾಕಿದವರಿಗೆ ನಿದ್ದೆ ಬರಲು ಮಾತ್ರೆ ಬೇರೆ ಬೇಕೇ, ನೀವೇ ಹೇಳಿ!

"ಬೇಡಣ್ಣಾ... ನನ್ನದು ವೀಕ್ ಬಾಡಿ!" ಗೋಗರೆದೆ.

ಎರಡು ನುಂಗಿದೆ. ಆಕಳಿಸಿದೆ. ದೊಪ್ಪನೆ ಬಿದ್ದೆ. ಮೂಗು ನೆಲಕ್ಕೆ ಬಡಿದು ಕಣ್ಣಲ್ಲಿ ನೀರೇ ಬಂತು. ಗೊರಕೆ ಮಾತ್ರ ನಿಲ್ಲಿಸಲಿಲ್ಲ!

"ನೋಡ್ದ್ಯಾ?" ಚೋಟು ಬೀಗಿದ. "ಇನ್ನು ಐಸ್ ಫ್ಯಾಕ್ಟರಿ ಹಿಂದೆ ಹೋಗಿ ವ್ಯಾನ್ ತೆಗೆಯೋಣ. ನಾಲ್ಕಕ್ಕೆ ಮಾಲು ಕೊಳ್ಳೋ ಪಾರ್ಟಿ ಬರುತ್ತೆ."

ಅಷ್ಟು ಸಾಕಿತ್ತು.

ದಾಂಡಿಗ ಪಿಸ್ತೂಲನ್ನು ಡ್ರಮ್ಮಿನ ಮೇಲಿಟ್ಟು ಸಿಗರೇಟಿಗೆ ಜೇಬು ತಡಕಾಡಿದ. ನಾನು ಎದ್ದೆ. ಪಿಸ್ತೂಲು ನನ್ನ ಕೈಗೆ ಬಂತು!

"ಗುಡ್ ಮಾರ್ನಿಂಗ್!"

ದಾಂಡಿಗ ಕೈ ಎತ್ತಿದ. ಚೋಟು ಕಾಲಿಗೆ ಬುದ್ಧಿ ಹೇಳಿದ. ಗೇಟಿನವರೆಗೂ ಓಡಿದ... ಅಲ್ಲಿ ಅಕ್ಕ ಕರೆತಂದಿದ್ದ ಪೊಲೀಸರು ನಿಂತಿದ್ದರು.

ಮೂರೂವರೆಗೆ ವ್ಯಾನ್ ಸಿಕ್ಕಿತು. ನಾಲ್ಕಕ್ಕೆ ಭಾವ ಹೊರಬಂದರು. ಅಕ್ಕ ಅತ್ತಳು. ನನಗೂ ಅಳು ಬಂತು, ಅದರಲ್ಲೇನು ನಾಚಿಕೆ?

ಲಾಕಪ್ಪಿನ ಸರಳು ಹಿಡಿದು ಚೋಟು ಕೇಳಿದ. "ನಿಂಗೆ ಯಾಕೆ ನಿದ್ದೆ ಬರ್ಲಿಲ್ಲ?"

"ಅದು ಕೊಲೆಸ್ಟ್ರಾಲ್ ಮಾತ್ರೆ ಕಣೋ."

ಅವನ ಮುಖ ಬಿಳಿಚಿಕೊಂಡಿತು. "ನಮ್ಮಮ್ಮಂಗೆ ಕೊಲೆಸ್ಟ್ರಾಲಾ? ಯಾವಾಗಿಂದ?"

"ಜೈಲಿಗೆ ನೋಡೋಕೆ ಬರ್ತಾರಲ್ಲ... ಆಗ ಕೇಳು!"