ಬಕಲಿನಿಂದ ನಾಲ್ಕು ಬೆರಳು

ಓಬನ್ ಬಂದರಿನಲ್ಲಿ ಮರ್ಡೀನಾ ಮೂಗು ಮುರಿದಳೆಂದರೆ ಕಡಲಹಕ್ಕಿಗಳೂ ರೆಕ್ಕೆ ಸರಿಮಾಡಿಕೊಳ್ಳುತ್ತಿದ್ದವಂತೆ. ಹದಿನೈದು ವರ್ಷದಿಂದ ಅಲ್ಲಿನ ಗಂಡಸರು ಉಡುವ ನೆರಿಗೆ ಲಂಗ, ಅಂದರೆ ಕಿಲ್ಟ್, ಹೊಲಿಯುವ ಕೈ ಅವಳದು. ಕಿಲ್ಟ್ ಹೊಕ್ಕುಳ ಮೇಲೆ ಕೂರಬೇಕು, ಅಂಚು ಮಂಡಿಚಿಪ್ಪಿಗೆ ನಿಲ್ಲಬೇಕು. ಮುಂದೆ ತೂಗುವ ತುಪ್ಪಳದ ಚೀಲ, ಅದೇ ಸ್ಪೊರನ್, ಬೆಲ್ಟಿನ ಬಕಲಿನಿಂದ ನಾಲ್ಕು ಬೆರಳು ಕೆಳಗಿರಬೇಕು. ಐದಾದರೆ ಅವತ್ತು ಅವಳಿಗೆ ಊಟ ಸೇರದು.

ಅಂಥವಳ ಎದುರಿಗೆ, ಗೆಳತಿಯ ಮದುವೆಯ ದಿನ, ಚರ್ಚಿನ ಬಾಗಿಲಲ್ಲಿ ಲಾಕ್ಲನ್ ಬಂದು ನಿಂತ. ಹಡಗಿನ ಇಂಜಿನ್ ರಿಪೇರಿಯವನು, ಮದುಮಗನ ಗೆಳೆಯ. ಕಿಲ್ಟ್ ಸೊಂಟದಿಂದ ಜಾರಿ ಮೀನಖಂಡ ಮುಟ್ಟಿದೆ. ಸ್ಪೊರನ್ ಹಾಲು ತುಂಬಿದ ಕೆಚ್ಚಲ ಹಾಗೆ ತೊಡೆಗೆ ಬಡಿಯುತ್ತಿದೆ.

ಮರ್ಡೀನಾ ಮೂಗು ಮುರಿದಳು.

"ಥೂ! ಏನ್ರೀ ಇದು, ಕಿಲ್ಟೋ, ಒಣಗೋಕೆ ಹಾಕಿದ ಕಂಬಳಿನೋ?"

"ಯಾಕ್ರೀ, ಚೆನ್ನಾಗಿಲ್ವಾ?"

"ಆ ಚೀಲ ನೋಡ್ಕೊಳ್ಳಿ. ಸತ್ತ ಹೆಗ್ಗಣ ನೇತಾಕಿದಂಗಿದೆ!"

"ಬದುಕೇ ಇತ್ತು ಕಣ್ರೀ. ನಿಮ್ಮನ್ನ ನೋಡಿ ಪ್ರಾಣ ಬಿಡ್ತು."

ಅವನು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಮರ್ಡೀನಾಳ ಸಂಕಟವೇ ಅದು. ಅವನು ಹೀಗೆ ಎದುರಾದ ಮೂರನೆಯ ಮದುವೆ ಇದು. ಹಿಂದಿನ ಎರಡರಲ್ಲೂ ಇದೇ ಹೊಲಸು ವೇಷ. ಎರಡು ಸಲವೂ ಅವಳೇ ಸಹಿಸಲಾರದೆ ಚೀಲದ ಸರಪಳಿ ಬಿಗಿದಿದ್ದಳು. ಎರಡು ಸಲವೂ ಮನೆಗೆ ಹೋದಮೇಲೆ ಆ ಗುಳಿ ನಿದ್ದೆಗೆಡಿಸಿತ್ತು.

ಪರ್ತ್ ಊರಿನ ಬಟ್ಟೆ ವ್ಯಾಪಾರಿ ಡಂಕನ್ ಅವಳನ್ನು ಮದುವೆಗೆ ಕೇಳಿದ್ದ. ನೂಲು ಹಿಡಿದಂತೆ ಉಡುವವನು. ಈ ಸಂಜೆಯೊಳಗೆ ಫೋನಿನಲ್ಲಿ ಉತ್ತರ ಹೇಳಬೇಕು. ಗುಳಿಯೇನೋ ಸರಿ, ಆದರೆ ಇಂಥ ಅಸಹ್ಯವನ್ನು ದಿನಾ ಕಣ್ಣಲ್ಲಿ ನೋಡಿಕೊಂಡು ಬಾಳುವುದು ಹೇಗೆ?

"ಬನ್ನಿ ಇಲ್ಲಿ. ಮದುಮಗಳು ನೋಡಿದ್ರೆ ಮೂರ್ಛೆ ಹೋಗ್ತಾಳೆ," ಎಂದು ಅವನನ್ನು ಪಕ್ಕದ ಕೋಣೆಗೆ ಎಳೆದೊಯ್ದಳು. ಇವತ್ತು ಚೀಲಕ್ಕಷ್ಟೇ ಬಿಡಲಿಲ್ಲ, ಕಿಲ್ಟಿನ ಪಟ್ಟಿಗೇ ಕೈಹಾಕಿದಳು.

"ಅಯ್ಯೋ, ಬಿದ್ದೋಗತ್ತೆ!"

"ಹಿಡ್ಕೊಂಡು ನಿಂತ್ಕೊಳ್ಳಿ, ಬಾಯಿ ಮುಚ್ಕೊಂಡು."

ಪಟ್ಟಿಯ ತೊಗಲು ನೋಡಿ ಅವಳ ಕೈ ಅಲ್ಲೇ ನಿಂತಿತು. ಈಗ ಸಿಕ್ಕಿಸಿದ್ದ ಕೊನೆಯ ತೂತು ಹೊಚ್ಚ ಹೊಸದು, ಮೊಳೆಯಿಂದ ಕುಟ್ಟಿದ್ದು. ಮೂರನೆಯ ತೂತು ಸವೆದು ಅಗಲವಾಗಿದೆ, ಅಲ್ಲಿ ತೊಗಲು ವರ್ಷಗಟ್ಟಲೆ ಮಡಚಿ ಗೆರೆ ಬಿದ್ದಿದೆ.

"ನೀವು ಇದನ್ನ ಯಾವಾಗ್ಲೂ ಮೂರನೇ ತೂತಿಗೆ ಹಾಕೋರು," ಎಂದಳು ನಿಧಾನವಾಗಿ. "ಹೊಕ್ಕುಳ ಮೇಲೆ. ಸರಿಯಾಗಿ."

ಲಾಕ್ಲನ್ನನ ಕಿವಿ ಬೇಯಿಸಿದ ಏಡಿಯಷ್ಟು ಕೆಂಪಾಯಿತು.

"ಪೈಪ್ ಬ್ಯಾಂಡಲ್ಲಿ ಹತ್ತು ವರ್ಷ ಕಿಲ್ಟ್ ಉಟ್ಟೇ ಡ್ರಮ್ ಬಾರಿಸಿದೋನು ಕಣ್ರೀ ನಾನು. ಉಡೋಕೆ ಬರಲ್ವಾ?"

"ಮತ್ತೆ ಈ ವೇಷ?"

"ಒಂದು ವರ್ಷ ನಿಮ್ಮ ಅಂಗಡಿ ಮುಂದೆ ನೆಟ್ಟಗೆ ಉಟ್ಕೊಂಡೇ ಓಡಾಡಿದೆ. ಒಂದ್ಸಲ ತಲೆ ಎತ್ತಿ ನೋಡಿದ್ರಾ? ಕೆಟ್ಟದಾಗಿ ಉಟ್ಟ ದಿನಾನೇ ನೀವು ಹತ್ರ ಬಂದ್ರಿ. ಬೈದ್ರಿ. ಆಮೇಲೆ... ಅಭ್ಯಾಸ ಆಗೋಯ್ತು."

"ಬೇಕಂತಲೇ? ಮೂರು ಮದುವೇಲಿ? ಊರೆಲ್ಲಾ ನೋಡೋ ಹಾಗೆ?" ಮರ್ಡೀನಾ ಮುಖ ಕಿವುಚಿದಳು. "ಇದು ಅದಕ್ಕಿಂತ ಅಸಹ್ಯ ಕಣೋ!"

ಕಣೋ ಎಂದದ್ದು ಇಬ್ಬರಿಗೂ ಕೇಳಿಸಿತು.

ಅವಳು ಕಿಲ್ಟನ್ನು ಮೇಲಕ್ಕೆಳೆದು ಮೂರನೆಯ ತೂತಿಗೆ ಬಿಗಿದಳು. ಬಕಲಿನ ಕೆಳಗೆ ನಾಲ್ಕು ಬೆರಳು ಅಡ್ಡವಿಟ್ಟು ಚೀಲ ಏರಿಸಿದಳು. ಅಳತೆ ಮುಗಿದರೂ ಬೆರಳು ಅಲ್ಲೇ ಇದ್ದವು. ಅವನು ಉಸಿರು ಹಿಡಿದು ನಿಂತ.

"ಉಸಿರು ಬಿಡು, ಅಳತೆ ತಪ್ಪತ್ತೆ," ಎಂದಳು. "ಸಂಜೆ ಪರ್ತ್‌ಗೆ ಒಂದು ಫೋನ್ ಮಾಡ್ಬೇಕು. ಬೇಡ ಅಂತ ಹೇಳೋಕೆ."

ಸಂಜೆ ಕುಣಿತದಲ್ಲಿ ಲಾಕ್ಲನ್ನನ ಚೀಲ ಐದು ಬೆರಳಿಗೆ ಜಾರಿತು. ಈ ಸಲ ತಾನಾಗಿಯೇ. ಮರ್ಡೀನಾ ನೋಡಿದಳು. "ಥೂ," ಎಂದಳು. ಆಮೇಲೆ ತಟ್ಟೆ ಚಾಚಿ ಎರಡನೇ ಸಲ ಬಡಿಸಿಕೊಂಡು ಉಂಡಳು.